ಚಳಿಗಾಲದ ಕಾಡುದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಚಳಿಗಾಲದಲ್ಲಿ ಹತ್ತಿರದ ಪಾರ್ಕಿಗೆ ಹೋಗಿ, ಮರಗಳ ನಡುವಿನ ದಾರಿಯಲ್ಲಿ ಒಂದು ದಿನ ನಡೆದು ಬರಬೇಕು, ಏನೇನು ನೋಡಿಕೊಳ್ಳಬೇಕು ಅಂತ. ದೊಡ್ಡ ಬೆಟ್ಟ ಹತ್ತುವವರಿಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹತ್ತಿರದ ಪಾರ್ಕು ಅಂದರೆ 'ಅಲ್ಲೇನು ಮಹಾ' ಅಂದುಬಿಡುತ್ತಾರೆ. ಆದರೆ ಚಳಿಗಾಲದಲ್ಲಿ ಜನ ಎಡವುವುದು, ದಾರಿ ತಪ್ಪುವುದು, ಕತ್ತಲಲ್ಲಿ ಸಿಕ್ಕಿಕೊಳ್ಳುವುದು ಇಂಥ ಪರಿಚಯದ ಜಾಗಗಳಲ್ಲೂ ನಡೆಯುತ್ತದೆ. ಅದಕ್ಕೇ ಈ ಸಂಚಿಕೆಯ ಜಾಗವನ್ನೆಲ್ಲ ಈ ವಿಷಯಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಪಾರ್ಕಿನ ಸುತ್ತುದಾರಿ 8 ಕಿ.ಮೀ. ಇದೆ, ನಡುವೆ ಒಂದು ಗುಡ್ಡ. ಬೇಸಿಗೆಯಲ್ಲಿ ಎರಡು ಗಂಟೆಯಲ್ಲಿ ಮುಗಿಸುತ್ತೇವೆ. ಚಳಿಗಾಲದಲ್ಲೂ ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಬೆಳಿಗ್ಗೆಯೇ ಹೊರಡಿ.

ಮೊದಲು ಬೆಳಕಿನ ಲೆಕ್ಕ ನೋಡೋಣ. ಉತ್ತರಾರ್ಧಗೋಳದಲ್ಲಿ ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ಕ್ಕೆ ಬರುತ್ತದೆ. 40 ಡಿಗ್ರಿ ಅಕ್ಷಾಂಶದಲ್ಲಿರುವವರಿಗೆ ಆ ದಿನ ಸಿಗುವ ಹಗಲು ಸುಮಾರು 9 ಗಂಟೆ 20 ನಿಮಿಷ. 50 ಡಿಗ್ರಿಯಲ್ಲಿ ಬರೀ 8 ಗಂಟೆ ಚಿಲ್ಲರೆ. ಇನ್ನೊಂದು ವಿಷಯ ತುಂಬ ಜನರ ಗಮನಕ್ಕೆ ಬರುವುದಿಲ್ಲ. ಸೂರ್ಯ ಅತಿ ಬೇಗ ಮುಳುಗುವುದು ಆ ಚಿಕ್ಕ ಹಗಲಿನ ದಿನವೇ ಅಲ್ಲ. 40 ಡಿಗ್ರಿಯ ಆಸುಪಾಸಿನಲ್ಲಿ ಅದು ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲೇ ಆಗಿಹೋಗುತ್ತದೆ, ಸೂರ್ಯೋದಯ ಅತಿ ತಡವಾಗುವುದು ಜನವರಿ ಶುರುವಿನಲ್ಲಿ. ಹಾಗಾಗಿ ಡಿಸೆಂಬರಿನಲ್ಲಿ ಸಂಜೆ ಕಡೆ ಜಾಸ್ತಿ ಹುಷಾರಾಗಿರಬೇಕು, ಜನವರಿಯಲ್ಲಿ ಬೆಳಗಿನ ಜಾವ ತೀರಾ ಬೇಗ ಹೊರಟರೆ ದಾರಿ ಸರಿಯಾಗಿ ಕಾಣುವುದಿಲ್ಲ. ಅದೂ ಅಲ್ಲದೆ ಕ್ಯಾಲೆಂಡರಿನಲ್ಲಿ ಬರೆದ ಸೂರ್ಯಾಸ್ತದ ಹೊತ್ತು ಬಯಲಿಗೆ ಹೊಂದುತ್ತದೆ. ಪೈನ್‌ನಂಥ ವರ್ಷಪೂರ್ತಿ ಹಸಿರಿರುವ ಮರಗಳು ಒತ್ತಾಗಿ ಬೆಳೆದ ಕಡೆ, ಅಥವಾ ಗುಡ್ಡದ ನೆರಳು ಬೀಳುವ ಕಣಿವೆಯಲ್ಲಿ, ಅದಕ್ಕಿಂತ ಎಷ್ಟೋ ಮೊದಲೇ ಕಾಲಡಿಯ ಬೇರು ಕಾಣದಷ್ಟು ಮಬ್ಬಾಗಿರುತ್ತದೆ.

ಈಗ ನಡಿಗೆಯ ಲೆಕ್ಕ. ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 8 ಕಿ.ಮೀ.ಗೆ ಒಂದು ಗಂಟೆ ಮೂವತ್ತಾರು ನಿಮಿಷ, ಗುಡ್ಡ 300 ಮೀಟರ್ ಇದ್ದರೆ ಮತ್ತೆ ಅರ್ಧ ಗಂಟೆ, ಒಟ್ಟು ಎರಡು ಗಂಟೆಗಿಂತ ಚೂರು ಜಾಸ್ತಿ. ನೀವು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಆದರೆ ಇದು ಒಣ ದಾರಿಯಲ್ಲಿ, ಎಲ್ಲೂ ನಿಲ್ಲದೆ, ಚೆನ್ನಾಗಿ ನಡೆಯಬಲ್ಲವರ ಲೆಕ್ಕ. ದಾರಿಯಲ್ಲಿ ಹಿಮ ಇದ್ದರೆ, ಮಂಜುಗಡ್ಡೆ ಕಟ್ಟಿದ್ದರೆ, ಒದ್ದೆ ಎಲೆ ಹಾಸಿದ್ದರೆ ಇದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಮೊಣಕಾಲುದ್ದ ಹಿಮವಿದ್ದರೆ ಎರಡು ಪಟ್ಟೂ ಸಾಲದು. ಬಟ್ಟೆ ಬಿಚ್ಚಿ ಹಾಕಲು, ಬಿಸಿಯಾಗಿ ಏನಾದರೂ ಕುಡಿಯಲು ನಿಲ್ಲುವ ಹೊತ್ತು ಬೇರೆ.

ನನ್ನ ಮಟ್ಟಿಗೆ ಚಳಿಗಾಲದ ಚಾರಣದ ಎಲ್ಲ ಸಿದ್ಧತೆಗಿಂತ ಮುಖ್ಯವಾದದ್ದು ಮರಳುವ ಹೊತ್ತನ್ನು ಮನೆಯಲ್ಲೇ ನಿಗದಿ ಮಾಡಿಕೊಳ್ಳುವುದು. ಬೆಳಿಗ್ಗೆ ಒಂಬತ್ತಕ್ಕೆ ಹೊರಟಿದ್ದೀರಿ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ ಅಂತಿಟ್ಟುಕೊಳ್ಳಿ. ಹನ್ನೆರಡೂವರೆಗೆ ಎಲ್ಲಿದ್ದರೆ ಅಲ್ಲಿಂದ ವಾಪಸ್. ಇನ್ನು ಹತ್ತು ನಿಮಿಷದಲ್ಲಿ ಗುಡ್ಡದ ತುದಿ ಇದ್ದರೂ ಅಷ್ಟೇ. ಸುತ್ತುದಾರಿಯಾದರೆ ಅರ್ಧ ಸುತ್ತಿನ ಗುರುತು ಯಾವುದು ಅಂತ ಮೊದಲೇ ಮ್ಯಾಪಿನಲ್ಲಿ ನೋಡಿಟ್ಟುಕೊಳ್ಳಿ. ಆ ಹೊತ್ತಿಗೆ ಅಲ್ಲಿಗೆ ತಲುಪದಿದ್ದರೆ ಬಂದ ದಾರಿಯಲ್ಲೇ ತಿರುಗಿ. ಬಂದ ದಾರಿ ಹೇಗಿದೆ ಅಂತ ನಿಮಗೆ ಗೊತ್ತು, ಮುಂದಿನದು ಹೇಗಿದೆಯೋ ಗೊತ್ತಿಲ್ಲ. ಇಷ್ಟೆಲ್ಲ ಮಾಡಿದರೂ ಬ್ಯಾಗಿನಲ್ಲಿ ಹಣೆಗೆ ಕಟ್ಟಿಕೊಳ್ಳುವ ಒಂದು ಹೆಡ್‌ಲ್ಯಾಂಪ್ ಇರಲೇಬೇಕು. ಕೈಯಲ್ಲಿ ಹಿಡಿಯುವ ಟಾರ್ಚ್ ಬೇಡ, ಜಾರುವ ದಾರಿಯಲ್ಲಿ ಎರಡೂ ಕೈ ಖಾಲಿ ಇರಬೇಕು.

ಪ್ರಶ್ನೆ: ಮನೆಯಲ್ಲಿರುವ ಅತಿ ದಪ್ಪ ಜಾಕೆಟ್ ಹಾಕಿಕೊಂಡು ಹೋಗುತ್ತೇನೆ. ಅರ್ಧ ಗಂಟೆ ನಡೆದರೆ ಸೆಕೆ, ನಿಂತ ತಕ್ಷಣ ನಡುಕ. ಏನು ಮಾಡಲಿ?

ಉತ್ತರ: ನಿಮ್ಮನ್ನು ನಡುಗಿಸುತ್ತಿರುವುದು ನಿಮ್ಮದೇ ಬೆವರು. ಹೊರಗಿನ ಚಳಿಗೆ ಎಲ್ಲರೂ ಹೆದರುತ್ತಾರೆ, ಒಳಗಿನ ಬೆವರಿಗೆ ಯಾರೂ ಹೆದರುವುದಿಲ್ಲ. ಅಲುಗಾಡದ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಳ್ಳುವುದರಿಂದ. ಆ ಗಾಳಿಯ ಜಾಗದಲ್ಲಿ ಬೆವರು ತುಂಬಿಕೊಂಡರೆ ಎಷ್ಟು ದಪ್ಪ ಜಾಕೆಟ್ ಇದ್ದು ಏನು ಪ್ರಯೋಜನ?

ಅದಕ್ಕೇ ಒಂದು ದಪ್ಪ ಬಟ್ಟೆಯ ಬದಲು ಮೂರು ತೆಳು ಪದರ. ಮೈಗೆ ಅಂಟುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರಿನ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಎಲ್ಲದರ ಮೇಲೆ ಗಾಳಿ, ಮಳೆ ತಡೆಯುವ ತೆಳು ಜಾಕೆಟ್. ಹತ್ತಿ ಬಟ್ಟೆ ಮಾತ್ರ ಬೇಡ, ಜೀನ್ಸ್ ಕೂಡ ಬೇಡ. ಹತ್ತಿ ನೀರನ್ನು ಚೆನ್ನಾಗಿ ಹೀರಿ, ಬೇಗ ಬಿಡದೆ, ಮೈಗೆ ತಣ್ಣಗೆ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅದನ್ನೇ ಹಾಕಿಕೊಳ್ಳುವುದಕ್ಕೆ ಯಾವ ಗುಣ ಕಾರಣವೋ ಚಳಿಯಲ್ಲಿ ಬೇಡ ಅನ್ನುವುದಕ್ಕೂ ಅದೇ ಕಾರಣ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುತ್ತದೆ.

ಬಟ್ಟೆಗಿಂತ ಅದನ್ನು ಬಳಸುವ ರೀತಿ ಮುಖ್ಯ. ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಪಾರ್ಕಿನ ಗೇಟಿನ ಹತ್ತಿರವೇ ಹಾಯಾಗಿದ್ದೀರಿ ಅಂದರೆ ಜಾಸ್ತಿ ಹಾಕಿಕೊಂಡಿದ್ದೀರಿ ಅಂತಲೇ ಅರ್ಥ. ಏರು ಶುರುವಾಗುವ ಮೊದಲೇ ಒಂದು ಪದರ ತೆಗೆಯಿರಿ, ಬೆವರು ಬಂದ ಮೇಲೆ ಅಲ್ಲ. ನಿಂತ ತಕ್ಷಣ, ಚಳಿ ಅನ್ನಿಸುವ ಮುಂಚೆಯೇ, ಮತ್ತೆ ಹಾಕಿಕೊಳ್ಳಿ. ನಿಮ್ಮ ದಪ್ಪ ಜಾಕೆಟ್ಟನ್ನೂ ಬಿಸಾಡಬೇಡಿ, ನಿಂತಾಗ ಎಲ್ಲದರ ಮೇಲೆ ಹಾಕಿಕೊಳ್ಳಲು ಬ್ಯಾಗಿನಲ್ಲಿ ಇರಲಿ. ಬೆವರು ಬರುತ್ತಿದೆ ಅನ್ನಿಸಿದರೆ ನಡಿಗೆ ನಿಧಾನ ಮಾಡಿ, ಅದು ಎಲ್ಲಕ್ಕಿಂತ ಸುಲಭದ ಉಪಾಯ. ಜೊತೆಗೆ ಬೇಗ ನಡೆಯುವವರಿದ್ದರೆ ಅವರಿಗೂ ಹೇಳಿ.

ಗಾಳಿಯ ಬಗ್ಗೆ ಒಂದು ಮಾತು. ತಾಪಮಾನ 0 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 6 ಡಿಗ್ರಿಯಷ್ಟು ಕೊರೆಯುತ್ತದೆ. ಮರಗಳ ನಡುವೆ ಇರುವಷ್ಟು ಹೊತ್ತು ಗಾಳಿ ಗೊತ್ತಾಗುವುದಿಲ್ಲ, ದಾರಿ ಬಯಲಿಗೋ ಕೆರೆ ದಂಡೆಗೋ ಬಂದಾಗ ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ. ಆ ತಿರುವಿಗೆ ಬರುವ ಮುಂಚೆ, ಇನ್ನೂ ಮರದ ಮರೆಯಲ್ಲಿರುವಾಗಲೇ ಜಾಕೆಟ್ ಜಿಪ್ ಎಳೆದುಕೊಳ್ಳಿ.

ಪ್ರಶ್ನೆ: ಜಾರಿ ಬೀಳುವ ಭಯ. ಎಂಥ ಬೂಟು ಬೇಕು?

ಉತ್ತರ: ಆಳವಾದ ಗೀರುಗಳಿರುವ ರಬ್ಬರ್ ತಳ, ಹರಡನ್ನು ಮುಚ್ಚುವ ಎತ್ತರ, ದಪ್ಪ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಿಸಲು ಜಾಗ. ಕೊನೆಯದನ್ನು ಜನ ಮರೆಯುತ್ತಾರೆ. ಬೆಚ್ಚಗಿರಲಿ ಅಂತ ಎರಡು ಜೊತೆ ಸಾಕ್ಸ್ ತುರುಕಿಕೊಂಡು ಬೂಟು ಬಿಗಿಯಾದರೆ ರಕ್ತ ಸರಿಯಾಗಿ ಓಡಾಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ.

ಆದರೆ ಗಟ್ಟಿ ಮಂಜುಗಡ್ಡೆಯ ಮೇಲೆ ಎಂಥ ಬೂಟೂ ನಿಲ್ಲುವುದಿಲ್ಲ. ಅದಕ್ಕೆ ಬೂಟಿನ ಮೇಲೆ ಎಳೆದು ಹಾಕುವ, ಸಣ್ಣ ಉಕ್ಕಿನ ಮುಳ್ಳುಗಳಿರುವ ಮೈಕ್ರೋಸ್ಪೈಕ್ ಬರುತ್ತವೆ. ಹಿಮ ಬೀಳುವ ಕಡೆ ಇರುವವರು ಒಂದು ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು. ಎಲ್ಲಿ ಜಾರುತ್ತದೆ ಅಂತ ಮೊದಲೇ ಊಹಿಸಬಹುದು ಕೂಡ. ಉತ್ತರಾರ್ಧಗೋಳದಲ್ಲಿ ಗುಡ್ಡದ ಉತ್ತರದ ಇಳಿಜಾರಿಗೆ ಚಳಿಗಾಲದಲ್ಲಿ ಬಿಸಿಲು ಸರಿಯಾಗಿ ಬೀಳದು, ಅಲ್ಲಿ ವಾರಗಟ್ಟಲೆ ಗಡ್ಡೆ ಕರಗದೆ ಇರುತ್ತದೆ. ಮರದ ಸೇತುವೆಗಳ ಕೆಳಗೂ ತಣ್ಣನೆ ಗಾಳಿ ಆಡುವುದರಿಂದ ನೆಲಕ್ಕಿಂತ ಮೊದಲು ಅವು ಹೆಪ್ಪುಗಟ್ಟುತ್ತವೆ. ಜನ ತುಳಿದು ತುಳಿದು ಹೊಳಪು ಬಂದ ಹಿಮ ಹೊಸ ಹಿಮಕ್ಕಿಂತ ಅಪಾಯ. ಒದ್ದೆ ಎಲೆಗಳಂತೂ ತಮ್ಮ ಕೆಳಗೆ ಬೇರು, ಕಲ್ಲು, ಗಡ್ಡೆ ಎಲ್ಲವನ್ನೂ ಮುಚ್ಚಿಟ್ಟುಕೊಂಡಿರುತ್ತವೆ. ಇಂಥ ಕಡೆ ಹೆಜ್ಜೆ ಚಿಕ್ಕದಿರಲಿ, ಇಡೀ ಪಾದ ಒಟ್ಟಿಗೆ ಊರಲಿ, ಮೈಭಾರ ಮುಂದಿನ ಕಾಲಿನ ಮೇಲಿರಲಿ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಡೆಯಬೇಡಿ, ಅದಕ್ಕೇ ಗ್ಲೌಸ್ ಇರುವುದು. ಇಳಿಜಾರಿನಲ್ಲಿ ವಾಕಿಂಗ್ ಸ್ಟಿಕ್ ತುಂಬ ಆಸರೆ.

ಪ್ರಶ್ನೆ: ಹಿಮ ಕರಗಿದ ಮೇಲೆ ದಾರಿಯೆಲ್ಲ ಕೆಸರು. ಬೂಟು ಹಾಳಾಗದಿರಲಿ ಅಂತ ಪಕ್ಕದ ಹುಲ್ಲಿನ ಮೇಲೆ ನಡೆದರೆ ತಪ್ಪೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್, ಕೇಳದೆ ಪಕ್ಕಕ್ಕೆ ಸರಿದು ಹೋಗುವವರೇ ಹೆಚ್ಚು.

ರಾತ್ರಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಸೂಜಿಗಳ ಹಾಗೆ ಮೇಲೇಳುತ್ತದೆ, ಜೊತೆಗೆ ಮಣ್ಣನ್ನೂ ಎತ್ತುತ್ತದೆ. ಬೆಳಿಗ್ಗೆ ಅಂಥ ಕಡೆ ಕಾಲಿಟ್ಟರೆ ಕರಕರ ಅನ್ನುತ್ತದಲ್ಲ, ಅದೇ ಅದು. ಮಧ್ಯಾಹ್ನ ಬಿಸಿಲಿಗೆ ಸೂಜಿಗಳು ಕರಗಿದಾಗ ಮಣ್ಣು ಸಡಿಲವಾಗಿ ಉಳಿಯುತ್ತದೆ. ಮೇಲಿನ ನೆಲ ಕರಗಿ ಕೆಳಗಿನದು ಇನ್ನೂ ಗಟ್ಟಿಯಾಗಿದ್ದರೆ ನೀರು ಇಂಗಲು ಜಾಗವೇ ಇಲ್ಲ. ಹೀಗೆ ಮೆತ್ತಗಾದ ನೆಲವನ್ನು ತುಳಿದರೆ ಮಣ್ಣು ಅದುಮಿಕೊಂಡು ಗಟ್ಟಿಯಾಗುತ್ತದೆ, ದಾರಿಯಂಚಿನ ಬೇರುಗಳಿಗೆ ಗಾಳಿ, ನೀರು ಸಿಗುವುದು ಕಡಿಮೆಯಾಗುತ್ತದೆ. ಒಬ್ಬರು ಪಕ್ಕಕ್ಕೆ ಸರಿದರೆ ಹಿಂದಿನವರು ಅದೇ ಹೆಜ್ಜೆ ಹಿಡಿಯುತ್ತಾರೆ, ಅಲ್ಲೂ ಕೆಸರಾದ ಮೇಲೆ ಮೂರನೆಯವರು ಇನ್ನೂ ಆಚೆ ಹೋಗುತ್ತಾರೆ. ಒಂದಾಳು ನಡೆಯುವ ಕಾಲುದಾರಿ ನೋಡನೋಡುತ್ತ ಗಾಡಿ ಹೋಗುವಷ್ಟು ಅಗಲವಾಗುತ್ತದೆ, ಅಷ್ಟಗಲ ಕಾಡು ಹೋಯಿತು ಅಂತ ಲೆಕ್ಕ. ಕೆಸರಿನ ನಡುವೆಯೇ ನಡೆಯಿರಿ. ಬೂಟು ತೊಳೆದರೆ ಹೋಗುತ್ತದೆ. ಅದು ಬೇಡ ಅನ್ನಿಸಿದರೆ ನೆಲ ಇನ್ನೂ ಗಟ್ಟಿಯಾಗಿರುವ ಬೆಳಗಿನ ಹೊತ್ತಲ್ಲೇ ನಡೆದು ಮುಗಿಸಿ, ಅಥವಾ ಆ ವಾರ ಜಲ್ಲಿ ಹಾಕಿದ ದಾರಿಗೆ ಹೋಗಿ. ಪಾರ್ಕಿನವರು ಕೆಸರಿಗಾಗಿ ದಾರಿ ಮುಚ್ಚಿದ್ದರೆ ಆ ಬೋರ್ಡಿಗೆ ಮರ್ಯಾದೆ ಕೊಡಿ.

ಇದೇ ಜಾತಿಯ ಇನ್ನೊಂದು ವಿಷಯ. ಹಿಮದಲ್ಲಿ ಜಾರುವ ಸ್ಕೀ ಆಟಕ್ಕಾಗಿ ಗೆರೆ ಕೊರೆದು ಸಿದ್ಧಮಾಡಿದ ದಾರಿಯ ಮೇಲೆ ನಡೆಯಬಾರದು. ನಿಮ್ಮ ಕಾಲು ಮಾಡಿದ ಗುಂಡಿ ರಾತ್ರಿ ಗಟ್ಟಿಯಾದರೆ ಮರುದಿನ ಅಲ್ಲಿ ಬರುವವರು ಮುಗ್ಗರಿಸುತ್ತಾರೆ.

ಪ್ರಶ್ನೆ: ಎಲೆ ಇಲ್ಲ, ಹೂ ಇಲ್ಲ, ಬೋಳು ಮರಗಳು. ಅಂಥ ಕಾಡಿನಲ್ಲಿ ನೋಡುವುದಕ್ಕೆ ಏನಿದೆ ಅಂತ ಮನೆಯವರು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಒಮ್ಮೆ ಕರೆದುಕೊಂಡು ಹೋಗಿ. ಎಲೆ ಇಲ್ಲ ಅನ್ನುವುದೇ ನೋಡುವುದಕ್ಕೆ ದಾರಿ ಮಾಡಿಕೊಡುತ್ತದೆ. ಬೇಸಿಗೆಯಲ್ಲಿ ಇಪ್ಪತ್ತು ಹೆಜ್ಜೆ ಆಚೆ ಏನಿದೆ ಅಂತ ಕಾಣದ ಕಾಡಿನಲ್ಲಿ ಈಗ ನೆಲದ ಏರಿಳಿತ, ತೊರೆ ಹರಿಯುವ ದಿಕ್ಕು, ಆಚೆ ದಂಡೆಯ ಬಂಡೆ ಎಲ್ಲ ಬಿಚ್ಚಿಕೊಂಡು ಕಾಣುತ್ತದೆ. ಕೊಂಬೆಗಳ ನಡುವೆ ಹಕ್ಕಿಗಳ ಹಳೇ ಗೂಡು, ಕವಲಿನಲ್ಲಿ ಒಣ ಎಲೆಯ ಉಂಡೆಯಂತಿರುವ ಅಳಿಲಿನ ಮನೆ, ಕೆಲವು ಬೋಳು ಮರಗಳ ಮೇಲೆ ಅದೊಂದೇ ಹಸಿರಾಗಿ ಉಳಿದ ಬದನಿಕೆ, ಇವೆಲ್ಲ ಬೇಸಿಗೆಯಲ್ಲೂ ಅಲ್ಲೇ ಇದ್ದವು, ನಮಗೆ ಕಂಡಿರಲಿಲ್ಲ.

ಮರ ಎಲೆ ಉದುರಿಸುವುದು ಸೋತು ಅಲ್ಲ. ನೆಲ ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಗುವುದಿಲ್ಲ, ಎಲೆಗಳಿದ್ದರೆ ಇರುವ ನೀರೂ ಆವಿಯಾಗಿ ಹೋಗುತ್ತದೆ. ಜೊತೆಗೆ ಎಲೆ ತುಂಬಿದ ಕೊಂಬೆಯ ಮೇಲೆ ಹಿಮ ಕೂತರೆ ಭಾರಕ್ಕೆ ಮುರಿಯುತ್ತದೆ. ಅದಕ್ಕೇ ಎಲೆತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆಸಿ ಮರವೇ ಅದನ್ನು ಕಳಚಿಬಿಡುತ್ತದೆ. ಕೊಂಬೆಯ ತುದಿಯನ್ನು ಹತ್ತಿರದಿಂದ ನೋಡಿ, ಮುಂದಿನ ವರ್ಷದ ಮೊಗ್ಗು ಆಗಲೇ ಕೂತಿರುತ್ತದೆ. ಅದು ಕಳೆದ ಬೇಸಿಗೆಯಲ್ಲೇ ತಯಾರಾದದ್ದು. ಬೀಚ್ ಮರದ ಮೊಗ್ಗು ಉದ್ದವಾಗಿ ಚೂಪಾಗಿರುತ್ತದೆ, ಯುರೋಪಿನ ಆಶ್ ಮರದ್ದು ಕಪ್ಪಗೆ ಮಸಿ ಬಳಿದಂತೆ. ಮೇಪಲ್, ಆಶ್ ಮರಗಳ ರೆಂಬೆಗಳು ಎದುರುಬದುರು ಜೋಡಿಯಾಗಿ ಹೊರಡುತ್ತವೆ. ಓಕ್, ಬೀಚ್‌ಗಳದ್ದು ಒಂದು ಈಚೆ, ಒಂದು ಆಚೆ. ಇಷ್ಟು ಗೊತ್ತಿದ್ದರೆ ಎಲೆಯಿಲ್ಲದ ಮರವನ್ನೂ ಗುರುತು ಹಿಡಿಯಲು ಶುರು ಮಾಡಬಹುದು. ಎಳೆ ಓಕ್ ಮತ್ತು ಬೀಚ್ ಮರಗಳು ಒಣಗಿದ ಎಲೆಗಳನ್ನು ವಸಂತದವರೆಗೂ ಬಿಡದೆ ಹಿಡಿದುಕೊಂಡಿರುತ್ತವೆ, ಗಾಳಿ ಬಂದಾಗ ಕಾಗದದ ಹಾಗೆ ಸದ್ದು ಮಾಡುತ್ತವೆ. ಅವು ಸತ್ತಿವೆ ಅಂದುಕೊಳ್ಳಬೇಡಿ. ಸೂಜಿ ಎಲೆಯ ಮರಗಳಲ್ಲೂ ಲಾರ್ಚ್ ಅನ್ನುವುದು ಚಳಿಗಾಲಕ್ಕೆ ಬೋಳಾಗುತ್ತದೆ, ಅದನ್ನು ನೋಡಿ ಮರ ಹೋಯಿತು ಅಂದುಕೊಳ್ಳುವವರೂ ಇದ್ದಾರೆ.

ಹಿಮ ಬಿದ್ದ ಮರುದಿನ ಬೆಳಿಗ್ಗೆ ಹೋದರೆ ರಾತ್ರಿ ಯಾರ್ಯಾರು ಓಡಾಡಿದ್ದಾರೆ ಅನ್ನುವುದು ನೆಲದ ಮೇಲೆಯೇ ಇರುತ್ತದೆ. ಮೊಲ ಕುಪ್ಪಳಿಸುವಾಗ ಹಿಂಗಾಲು ಮುಂಗಾಲಿಗಿಂತ ಮುಂದೆ ಬೀಳುತ್ತದೆ. ಆದ್ದರಿಂದ ದೊಡ್ಡ ಗುರುತುಗಳು ಇರುವ ಕಡೆಗೇ ಅದು ಹೋಗಿದೆ ಅಂತ ಅರ್ಥ. ನರಿ ಹಿಂಗಾಲನ್ನು ಮುಂಗಾಲಿನ ಗುರುತಿನ ಮೇಲೇ ಇಡುತ್ತ ಹೋಗುವುದರಿಂದ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಹೆಜ್ಜೆಗಳು ಸಾಗುತ್ತವೆ. ನಾಯಿಯದ್ದು ಹಾಗಲ್ಲ, ಅತ್ತಿತ್ತ ಮೂಸುತ್ತ ಅಡ್ಡಾದಿಡ್ಡಿ ಹೋಗಿರುತ್ತದೆ. ಸಣ್ಣ ಹೆಜ್ಜೆಗಳ ಸಾಲೊಂದು ಹಿಮದ ತೂತಿನೊಳಗೆ ಹೋಗಿ ಮುಗಿದಿದ್ದರೆ ಅದು ಇಲಿ ಜಾತಿಯ ಪ್ರಾಣಿ ಇರಬಹುದು. ದಪ್ಪ ಹಿಮದ ಅಡಿಯಲ್ಲಿ, ನೆಲಕ್ಕೆ ತಾಗಿದಂತೆ, ತಾಪಮಾನ 0 ಡಿಗ್ರಿಯ ಹತ್ತಿರವೇ ಇರುತ್ತದೆ, ಮೇಲೆ ಎಷ್ಟೇ ಕೊರೆಯುತ್ತಿದ್ದರೂ. ಚಳಿಗಾಲ ಪೂರ್ತಿ ಅವು ಅಲ್ಲಿ ಸುರಂಗ ಮಾಡಿಕೊಂಡು ಬದುಕುತ್ತವೆ.

ಹಕ್ಕಿಗಳಿಗಾಗಿ ಹೋಗುವವರು ನಡೆಯುವುದಕ್ಕಿಂತ ನಿಲ್ಲುವುದು ಜಾಸ್ತಿ ಮಾಡಬೇಕು. ಬಹಳ ಹೊತ್ತು ಏನೂ ಇರುವುದಿಲ್ಲ, ಆಮೇಲೆ ಒಮ್ಮೆಲೇ ಹತ್ತಾರು ಹಕ್ಕಿಗಳು. ಚಳಿಗಾಲದಲ್ಲಿ ಟಿಟ್, ನಟ್‌ಹ್ಯಾಚ್, ಮರಕುಟಿಗ ಹೀಗೆ ಬೇರೆ ಬೇರೆ ಜಾತಿಯವು ಒಂದೇ ತಂಡವಾಗಿ ಮೇವು ಹುಡುಕುತ್ತವೆ. ಕಣ್ಣು ಹೆಚ್ಚಿದ್ದರೆ ಗಿಡುಗ ಬಂದದ್ದು ಬೇಗ ಗೊತ್ತಾಗುತ್ತದೆ. ಚಳಿಗಾಲ ಮುಗಿಯುತ್ತ ಬಂದಾಗ ಮರಕುಟಿಗ ಒಣ ಮರದ ಮೇಲೆ ಡೋಲು ಬಾರಿಸಿದ ಹಾಗೆ ಕುಟ್ಟುವುದು ಕೇಳುತ್ತದೆ. ಅದು ಹುಳ ಹುಡುಕುವುದಲ್ಲ, ಇದು ನನ್ನ ಜಾಗ ಅಂತ ಉಳಿದವಕ್ಕೆ ಹೇಳುವುದು.

ಒಂದೇ ಕೋರಿಕೆ. ಪ್ರಾಣಿ, ಹಕ್ಕಿ ಕಂಡರೆ ಹತ್ತಿರ ಹೋಗಬೇಡಿ. ಮೇವು ಕಡಿಮೆ ಇರುವ ಈ ತಿಂಗಳುಗಳಲ್ಲಿ ಜಿಂಕೆ ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ದಿನ ತಳ್ಳುತ್ತಿರುತ್ತದೆ. ನಮಗೆ ಹೆದರಿ ಆಳ ಹಿಮದಲ್ಲಿ ಒಮ್ಮೆ ಓಡಿದರೂ ಅದಕ್ಕೆ ದೊಡ್ಡ ನಷ್ಟ. ನಮ್ಮ ಒಂದು ಫೋಟೋಗೆ ಅದು ಆ ಬೆಲೆ ಕೊಡಬೇಕಾ?

ಪ್ರಶ್ನೆ: ಪಾರ್ಕಿನ ಕೆರೆ ಹೆಪ್ಪುಗಟ್ಟಿದೆ. ಅಡ್ಡ ದಾಟಿದರೆ 2 ಕಿ.ಮೀ. ಉಳಿಯುತ್ತದೆ. ದಾಟಬಹುದೇ?

ಉತ್ತರ: ಬೇಡ. ಹೊಸದಾಗಿ ಕಟ್ಟಿದ ತಿಳಿ ಗಡ್ಡೆ ಕನಿಷ್ಠ 10 ಸೆಂ.ಮೀ. ದಪ್ಪ ಇದ್ದರೆ ಒಬ್ಬರು ನಡೆಯಬಹುದು ಅನ್ನುವ ಲೆಕ್ಕ ಬಳಕೆಯಲ್ಲಿದೆ, ನಿಜ. ಆದರೆ ನೀರು ಒಳಬರುವ ಕಡೆ, ಹೊರಹೋಗುವ ಕಡೆ, ಜೊಂಡಿನ ಹತ್ತಿರ ಅದೇ ಕೆರೆಯ ಗಡ್ಡೆ ತೆಳುವಾಗಿರುತ್ತದೆ. ಬಿಳಿ ಗಡ್ಡೆಗೆ ತಿಳಿ ಗಡ್ಡೆಯ ಅರ್ಧದಷ್ಟೇ ಬಲ. ಮೇಲೆ ಹಿಮ ಕೂತಿದ್ದರೆ ಕಂಬಳಿ ಹೊದೆಸಿದಂತಾಗಿ ಗಡ್ಡೆ ದಪ್ಪವಾಗುವುದೇ ನಿಧಾನವಾಗುತ್ತದೆ. ಮೇಲಿನಿಂದ ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ. ಸುತ್ತಿ ಬನ್ನಿ.

ಪ್ರಶ್ನೆ: ದಾರಿ ನೋಡಲು ಫೋನ್ ಇದೆ. ಬೇರೆ ಮ್ಯಾಪ್ ಯಾಕೆ?

ಉತ್ತರ: ಚಳಿಗೆ ಫೋನಿನ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ನಲವತ್ತು ಪರ್ಸೆಂಟ್ ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಆಫ್ ಆಗಬಹುದು. ಐಫೋನ್ ಬಳಸಲು ಆಪಲ್ ಕಂಪನಿಯೇ ಹೇಳುವ ತಾಪಮಾನ 0 ರಿಂದ 35 ಡಿಗ್ರಿ. ಫೋನನ್ನು ಒಳಗಿನ ಜೇಬಿನಲ್ಲಿ, ಮೈಯ ಬಿಸಿ ತಾಗುವಂತೆ ಇಟ್ಟುಕೊಳ್ಳಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹಿಡಿಯುತ್ತದೆ, ಆದರೆ ಆ ಚುಕ್ಕೆ ತೋರಿಸಲು ಫೋನಿನಲ್ಲಿ ಮ್ಯಾಪ್ ಇರಬೇಕಲ್ಲ. ಪಾರ್ಕಿನ ಗೇಟಿನಲ್ಲಿ ಕಾಗದದ ಮ್ಯಾಪ್ ಸಿಕ್ಕರೆ ತೆಗೆದುಕೊಳ್ಳಿ, ಸಿಗದಿದ್ದರೆ ಬೋರ್ಡಿನಲ್ಲಿರುವುದನ್ನು ನಿಂತು ಸರಿಯಾಗಿ ನೋಡಿ.

ಹಿಮ ಬಿದ್ದಾಗ ಕಾಲುದಾರಿಯೂ ಕಾಡೂ ಒಂದೇ ಥರ ಕಾಣುತ್ತದೆ. ಮರಗಳ ಮೇಲಿನ ಬಣ್ಣದ ಗುರುತು ನೋಡುತ್ತ ಹೋಗಿ. ಮುಂದಿನ ಗುರುತು ಕಾಣದಿದ್ದರೆ ಹಿಂದಿನ ಗುರುತಿನ ಹತ್ತಿರಕ್ಕೆ ಬಂದು ಮತ್ತೆ ಹುಡುಕಿ. ಯಾರದ್ದೋ ಹೆಜ್ಜೆ ಇದೆ ಅಂತ ಅದರ ಹಿಂದೆ ಹೋಗಬೇಡಿ, ಅವರೂ ದಾರಿ ತಪ್ಪಿರಬಹುದು.

ಪ್ರಶ್ನೆ: ಚಳಿಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ. ನೀರು ಹೊರಬೇಕೇ?

ಉತ್ತರ: ಹೊರಬೇಕು. ಚಳಿಯಲ್ಲಿ ಬಾಯಾರಿಕೆ ಕಡಿಮೆ ಅನ್ನಿಸುತ್ತದೆ, ಆದರೆ ಉಸಿರಿನ ಜೊತೆ ನೀರು ಹೋಗುತ್ತಲೇ ಇರುತ್ತದೆ. ನಿಮ್ಮ ಬಾಯಿಂದ ಬರುವ ಹೊಗೆ ಅದೇ ತಾನೇ? ಚಳಿಗೆ ಮೂತ್ರವೂ ಜಾಸ್ತಿ. ತುಂಬ ಕೊರೆಯುವ ದಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಹಾಗಾಗಿ ಮುಚ್ಚಳದ ಬಾಯಿ ಕಟ್ಟಿಕೊಳ್ಳುವುದಿಲ್ಲ. ಫ್ಲಾಸ್ಕಿನಲ್ಲಿ ಬಿಸಿಯಾದದ್ದು ಇದ್ದರೆ ಇನ್ನೂ ಒಳ್ಳೆಯದು. ತಿನ್ನುವುದನ್ನು ಗ್ಲೌಸ್ ತೆಗೆಯದೆ ತಿನ್ನುವಂತೆ ಕಟ್ಟಿಕೊಳ್ಳಿ, ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಿ.

ಪ್ರಶ್ನೆ: ಆರು ವರ್ಷದ ಮಗಳು, ಬಿ.ಪಿ. ಇರುವ ಮಾವನವರು, ಇಬ್ಬರೂ ಬರುತ್ತೇವೆ ಅನ್ನುತ್ತಾರೆ. ಕರೆದುಕೊಂಡು ಹೋಗಬಹುದೇ?

ಉತ್ತರ: ದಾರಿ ಚಿಕ್ಕದಿದ್ದರೆ ಖಂಡಿತ. ಮಕ್ಕಳ ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಹಾಗಾಗಿ ನಮಗಿಂತ ಬೇಗ ತಣ್ಣಗಾಗುತ್ತಾರೆ. ಆಟದ ಗುಂಗಿನಲ್ಲಿ ಹೇಳುವುದೂ ಇಲ್ಲ. ಆಗಾಗ ನೀವೇ ಅವಳ ಗ್ಲೌಸ್ ತೆಗೆದು ಬೆರಳು ಮುಟ್ಟಿ ನೋಡಿ, ಕತ್ತಿನ ಹಿಂದೆ ಕೈ ಹಾಕಿ ಬೆವರಿದೆಯಾ ನೋಡಿ. ಇನ್ನೊಂದು ಜೊತೆ ಗ್ಲೌಸ್, ಸಾಕ್ಸ್ ಬ್ಯಾಗಿನಲ್ಲಿರಲಿ. ಎತ್ತಿಕೊಂಡು ನಡೆಯುತ್ತಿದ್ದರೆ ನಿಮಗೆ ಸೆಕೆಯಾಗುತ್ತಿರುತ್ತದೆ, ಸುಮ್ನೆ ಕೂತಿರುವ ಮಗುವಿಗೆ ಹಾಗಲ್ಲ, ಇದು ನೆನಪಿರಲಿ.

ಮಾವನವರ ವಿಷಯದಲ್ಲಿ ಮೊದಲು ಅವರ ಡಾಕ್ಟರನ್ನು ಕೇಳಿ. ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗಿ ಬಿ.ಪಿ. ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಡಾಕ್ಟರ್ ಒಪ್ಪಿದರೆ ಸಮತಟ್ಟಾದ ದಾರಿ, ನಿಧಾನ ನಡಿಗೆ. ಮೂಗು, ಬಾಯಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡರೆ ಒಳಗೆ ಹೋಗುವ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ, ಆಸ್ತಮಾ ಇರುವವರಿಗೂ ಇದು ಒಳ್ಳೆಯದು. ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಅಲ್ಲೇ ನಿಂತು ಸಹಾಯ ಕರೆಯಬೇಕು, ಕಾರಿನವರೆಗೆ ನಡೆದುಬಿಡೋಣ ಅನ್ನಬಾರದು.

ಪ್ರಶ್ನೆ: ನಾಯಿಯನ್ನು ಕರೆದೊಯ್ಯುತ್ತೇನೆ. ಅದಕ್ಕೂ ಏನಾದರೂ ಬೇಕೇ?

ಉತ್ತರ: ಪಾರ್ಕಿನ ನಿಯಮ ನೋಡಿ, ಹಗ್ಗ ಬಿಡಬೇಡಿ. ಬೆರಳುಗಳ ಸಂದಿಯಲ್ಲಿ ಹಿಮ ಉಂಡೆ ಕಟ್ಟಿಕೊಂಡು ನೋಯುತ್ತದೆ, ಆಗಾಗ ತೆಗೆಯಿರಿ. ಗಡ್ಡೆ ಕರಗಿಸಲು ಉಪ್ಪು ಹಾಕಿದ ಕಡೆ ನಡೆದಿದ್ದರೆ ಮರಳಿದ ಮೇಲೆ ಪಾದ ತೊಳೆದು ಒರೆಸಿ. ಪಾರ್ಕಿಂಗ್ ಜಾಗದ ಕೊಚ್ಚೆ ನೆಕ್ಕಲು ಬಿಡಬೇಡಿ, ಕಾರಿನಿಂದ ಸೋರುವ ಆಂಟಿಫ್ರೀಜ್ ಸಿಹಿಯಾಗಿರುತ್ತದೆ, ಆದರೆ ಅದು ವಿಷ. ತಾಪಮಾನ 4 ಡಿಗ್ರಿ ದಾಟಿದ ದಿನ ಕೆಲವು ಜಾತಿಯ ಉಣುಗು ಚಳಿಗಾಲದಲ್ಲೂ ಓಡಾಡುತ್ತವೆ. ನಾಯಿಯ ಮೈ ನೋಡುವಾಗ ನಿಮ್ಮ ಕಾಲನ್ನೂ ನೋಡಿಕೊಳ್ಳಿ.

ಪ್ರಶ್ನೆ: ನನಗೆ ಒಬ್ಬಳೇ ಹೋಗುವುದು ಇಷ್ಟ. ಚಿಕ್ಕ ಪಾರ್ಕು, ಹಿಮ ಕೂಡ ಬೀಳುವುದಿಲ್ಲ, ಬರೀ ತಣ್ಣನೆ ಮಳೆ. ಮನೆಯಲ್ಲಿ ಬೇಡ ಅನ್ನುತ್ತಾರೆ.

ಉತ್ತರ: ಒಬ್ಬರೇ ಹೋಗುವುದರ ಸುಖ ನನಗೂ ಗೊತ್ತು, ಬೇಡ ಅನ್ನುವುದಿಲ್ಲ. ಆದರೆ ಹಿಮ ಇಲ್ಲ ಅಂತ ನೆಮ್ಮದಿಯಾಗಿರಬೇಡಿ. ಮೈ ಒಳಗಿನ ಬಿಸಿ ಸಾಮಾನ್ಯವಾಗಿ 37 ಡಿಗ್ರಿ, ಅದು 35ಕ್ಕಿಂತ ಕೆಳಗೆ ಇಳಿದರೆ ಅಪಾಯ. ಹಾಗಾಗಲು ಮೈನಸ್ ಚಳಿಯೇ ಬೇಕಿಲ್ಲ. 5 ರಿಂದ 10 ಡಿಗ್ರಿಯಲ್ಲಿ, ಮಳೆಗೆ ನೆನೆದು, ಗಾಳಿಗೆ ನಿಂತರೂ ಸಾಕು. ಗರಿಗರಿಯಾದ ಒಣ ಚಳಿಗಿಂತ ಈ ಒದ್ದೆ ಚಳಿಗೆ ನಾನು ಜಾಸ್ತಿ ಅಂಜುತ್ತೇನೆ.

ಮೊದಲು ನಡುಕ ಬರುತ್ತದೆ. ಆಮೇಲೆ ಜಿಪ್ ಎಳೆಯಲು ಬೆರಳು ಬಾರದು, ಕಾಲು ಎಡವುತ್ತದೆ, ಮಾತು ತೊದಲುತ್ತದೆ, ಯಾವುದೂ ಬೇಡ ಅನ್ನಿಸುತ್ತದೆ. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ತುಂಬ ಗಂಭೀರ. ಕಷ್ಟ ಏನೆಂದರೆ ಇಷ್ಟರಲ್ಲಿ ಯೋಚನೆಯೂ ಮಂದವಾಗಿರುತ್ತದೆ, ಒಬ್ಬರೇ ಇದ್ದರೆ ನೋಡಿ ಹೇಳುವವರಿಲ್ಲ. ಹಾಗಾಗಿ ಒಬ್ಬರೇ ಹೋಗುವವರು ನಡುಕ ಶುರುವಾದಾಗಲೇ ಮರೆಗೆ ಹೋಗಿ ಒದ್ದೆ ಬಟ್ಟೆ ಬದಲಿಸಿ, ಏನಾದರೂ ತಿಂದು, ಬಿಸಿಯಾದದ್ದು ಕುಡಿದು, ತಕ್ಷಣ ವಾಪಸ್ ಹೊರಡಬೇಕು. ದಾರಿಯಲ್ಲಿ ಬೇರೆಯವರನ್ನು ಆ ಸ್ಥಿತಿಯಲ್ಲಿ ಕಂಡರೆ ನೆಲದ ತಣ್ಣನೆ ತಾಗದಂತೆ ಕೆಳಗೆ ಬ್ಯಾಗೋ ಬಟ್ಟೆಯೋ ಹಾಸಿ ಕೂರಿಸಿ, ಒಣ ಬಟ್ಟೆ ಹೊದಿಸಿ, ಪೂರ್ತಿ ಎಚ್ಚರ ಇದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಿ, ಸಹಾಯಕ್ಕೆ ಫೋನ್ ಮಾಡಿ. ಕೈಕಾಲು ತಿಕ್ಕಬೇಡಿ. ಮದ್ಯ ಕೊಡಲೇಬಾರದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ಮನೆಯವರ ಆತಂಕಕ್ಕೆ ಒಂದು ಚೀಟಿ ಬರೆದಿಡಿ. ಯಾವ ಪಾರ್ಕು, ಯಾವ ದಾರಿ, ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಎಷ್ಟು ಹೊತ್ತಾದರೂ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಬರೆದ ಮೇಲೆ ಅಲ್ಲಿ ಹೋಗಿ ದಾರಿ ಬದಲಿಸಬೇಡಿ, ಬದಲಿಸಿದರೆ ಮೆಸೇಜ್ ಮಾಡಿ. ಕೊರಳಲ್ಲಿ ಒಂದು ಸೀಟಿ ಇರಲಿ. ಬೆಟ್ಟಗಳಲ್ಲಿ ನಡೆಯುವವರು ಬಳಸುವ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಊದುವುದು, ಒಂದು ನಿಮಿಷ ಸುಮ್ಮನಿರುವುದು, ಮತ್ತೆ ಆರು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಕೆಲವು ಕಡೆ ಮೂರು ಸಲ ಊದುವುದೇ ಸಹಾಯದ ಕರೆ, ನಿಮ್ಮ ಕಡೆ ಯಾವುದು ರೂಢಿ ಅಂತ ಪಾರ್ಕಿನವರನ್ನೇ ಕೇಳಿ. ಜೋರು ಗಾಳಿಯ ಮುನ್ಸೂಚನೆ ಇರುವ ದಿನ ಮಾತ್ರ ಹೋಗಬೇಡಿ, ಒಣ ಕೊಂಬೆಗಳು ಎಚ್ಚರಿಕೆ ಕೊಡದೆ ಮುರಿದು ಬೀಳುತ್ತವೆ. ಮರುದಿನ ಹೋಗಬಹುದು.